ಬೂಷ್ಟು ಕೇಳಿದ ಭೈರವಿ

ಬೂಷ್ಟಿಗೆ ಮಾತು ಬಂದ ಮೇಲೆ ಧಾರವಾಡದ ಜನ ಅದಕ್ಕೂ ಒಗ್ಗಿಕೊಂಡಿದ್ದರು. ಗಟ್ಟಿಮುಟ್ಟಾದವರ ಎದುರು ಅದು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮೈಯಲ್ಲಿ ಕಸುವಿಲ್ಲದವರನ್ನು ಕಂಡರೆ ಮಾತ್ರ ಬೆಣ್ಣೆ ಹಚ್ಚುತ್ತಿತ್ತು. ಉಸಿರಿನೊಂದಿಗೆ ಒಳಹೊಕ್ಕು ಪುಪ್ಪುಸದಲ್ಲಿ ಬಿಡಾರ ಹೂಡಿತೆಂದರೆ ಜೀವಕ್ಕೇ ಸಂಚಕಾರ.

ಸಂಗೀತ ಶಿಕ್ಷಕಿ ನೀಲಾಂಬಿಕಾ ಕಿಡ್ನಿ ಕಸಿ ಮಾಡಿಸಿಕೊಂಡಿದ್ದಳು. ಹೊಸ ಕಿಡ್ನಿಯನ್ನು ಮೈ ಒಪ್ಪಲೆಂದು ನುಂಗುತ್ತಿದ್ದ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸಿದ್ದವು. ಮಾಸ್ಕ್ ಕಟ್ಟಿಕೊಂಡು ಮನೆಯಲ್ಲೇ ಕೂತವಳ ಹಾಡು ಕೇಳಲು ಯಾರೂ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಿಗೆ ಹೋದಾಗ ಗೋಡೆಯ ಬೂಷ್ಟಿನಿಂದ ದನಿ ಬಂತು.

“ಅಕ್ಕಾರ, ನಿಮ್ಮ ಭೈರವಿ ಭಾಳ ಛಲೋ ಅಂತ ಕೇಳೇನಿ. ಮಾಸ್ಕ್ ತಗದು, ಉಸಿರು ತುಂಬಿ ಒಂದು ಆಲಾಪ ಮಾಡ್ರಿ.”

ಹೊಗಳಿಕೆ ಕೇಳಿ ಎಷ್ಟು ದಿನವಾಗಿತ್ತೋ! ಅವಳ ಕೈ ಮಾಸ್ಕಿನ ದಾರಕ್ಕೆ ಹೋಯಿತು.

ಅಷ್ಟರಲ್ಲಿ ಗಂಡ ಗುರುಪಾದಪ್ಪ ಓಡಿಬಂದ. “ನೀಲಾ, ನೀ ಹೊರಗ ನಡಿ! ಇದಕ್ಕ ಹಾಡು ಬೇಕಲ್ಲ, ನಾ ಹಾಡ್ತೀನಿ,” ಎಂದವನೇ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಿಂದ ಗೋಡೆ ತಿಕ್ಕುತ್ತಾ ಭೈರವಿ ಶುರುಮಾಡಿದ. ಮೊದಲ ಸ್ವರಕ್ಕೇ ಹಲ್ಲಿಯೊಂದು ಕೆಳಗೆ ಬಿತ್ತು.

“ಯಪ್ಪಾ, ಸಾಕ್ರಿ! ಪೌಡರ್ ಬೇಕಾದಷ್ಟು ಹಾಕ್ರಿ, ಹಾಡಬ್ಯಾಡ್ರಿ!” ಎಂದು ಗೋಗರೆಯುತ್ತಾ ಬೂಷ್ಟು ಮೋರಿಗೆ ಹರಿದುಹೋಯಿತು.

ಬಾಗಿಲಾಚೆ ನಿಂತಿದ್ದ ನೀಲಾಂಬಿಕಾ ಮಾಸ್ಕಿನೊಳಗೇ ಬಿದ್ದುಬಿದ್ದು ನಕ್ಕಳು. “ಮದುವಿ ಆದಾಗಿಂದ ಈ ಹಾಡು ತಡಕೊಂಡು ಬಂದೇನಿ. ನನಗ ತಡಿಯೋ ಶಕ್ತಿ ಕಡಿಮಿ ಐತಿ ಅಂತ ಆ ಡಾಕ್ಟರು ಹೆಂಗ ಹೇಳಿದ್ರು?”