ಮರಳುಮೀನು

ಹೊಟ್ಟೆಯಡಿಯ ಬಟ್ಟಲಿನಂಥ ರೆಕ್ಕೆ ನೋಡಿ ಜಾತಿ ಗುರುತಿಸಿ, ಮನೆಯ ತೊಟ್ಟಿಗೆ ಮರಳುಮೀನುಗಳನ್ನು ಅಳಿವೆಯಿಂದ ಬಲೆಯಲ್ಲಿ ಹಿಡಿದು ತಂದವನು ವಾರಿಜಳ ಗಂಡ. ಅದಕ್ಕೋ ಏನೋ, ಅವನು ಆ ಗಾಜಿನ ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಕೂತರೆ ಸಾಕು, ಮೀನುಗಳಷ್ಟೂ ಮರಳಿನೊಳಗೆ ಹುದುಗಿ ಕಣ್ಣಷ್ಟೇ ಹೊರಗಿಡುತ್ತಿದ್ದವು. ಅವನ ಹೆಜ್ಜೆ ಕೇಳಿದರೆ ವಾರಿಜಳೂ ಒಳಕೋಣೆ ಸೇರುತ್ತಿದ್ದಳು. ಬೇರೆ ಯಾರಿಗೂ ಮೀನು ಹೆದರಿದ್ದಿಲ್ಲ. ಅವಳ ಕೈಯಿಂದಲೇ ಸಿಗಡಿ ಚೂರು ಕಿತ್ತುಕೊಳ್ಳುತ್ತಿದ್ದವು.

ಅವನ ಉತ್ತರಕ್ರಿಯೆಯ ದಿನ ಎಡೆಯನ್ನು ಕಾಗೆ ಮುಟ್ಟಲಿಲ್ಲ. ಏನೋ ಆಸೆ ಉಳಿದಿದೆಯೆಂದು ಮಗಳ ಮದುವೆ ಮಾಡುತ್ತೇವೆಂದರು, ಅರ್ಧಕ್ಕೆ ನಿಂತ ಬಾವಿಕಟ್ಟೆ ಮುಗಿಸುತ್ತೇವೆಂದರು. ಕಾಗೆ ಮನೆಯ ಮಾಡಿನಿಂದ ಇಳಿಯಲಿಲ್ಲ.

"ಅತ್ತಿಗೆ, ಅಣ್ಣ ಆ ಮೀನಿನ ಮೇಲೆ ಜೀವ ಇಟ್ಕೊಂಡಿದ್ದ. ಸಾಕ್ತೇನೆ ಅಂತ ಒಂದು ಮಾತು ಹೇಳಿ," ಎಂದ ಮೈದುನ.

"ನಾಳೆ ಹೊಳೆಗೆ ಬಿಡುವ ಅಂತಿದ್ದೆ."

"ಹಸಿದು ಕಾಯ್ತಿದ್ದಾನೆ, ಅತ್ತಿಗೆ."

ವಾರಿಜ ಕೈಮುಗಿದಳು. "ಮೀನು ಇಲ್ಲೇ ಇರ್ತವೆ. ನೀವು ನೆಮ್ಮದಿಯಲ್ಲಿ ಹೋಗಿ."

ಕಾಗೆ ಇಳಿದು ಅನ್ನ ಕುಕ್ಕಿತು. ಎಲ್ಲರೂ ನಿಟ್ಟುಸಿರು ಬಿಟ್ಟರು.

ಸಂಜೆ ನೆಂಟರು ಹೋದ ಮೇಲೆ ಅವಳು ಸಿಗಡಿ ಚೂರು ಹಿಡಿದು ತೊಟ್ಟಿಯ ಬಳಿ ಬಂದಳು. ಕುರ್ಚಿ ಖಾಲಿಯಿತ್ತು. ಮೀನುಗಳೆಲ್ಲ ಮರಳಿನೊಳಗಿದ್ದವು, ಕಣ್ಣಷ್ಟೇ ಹೊರಗಿಟ್ಟುಕೊಂಡು.