ತಲೆಕೆಳಗಿನ ಕೊಕ್ಕರೆಗಳು

ಕೆರೆಯ ಹಕ್ಕಿಗಳೆಲ್ಲ ಇಲ್ಲವಾದ ಮೇಲೂ ಅವುಗಳ ಬಿಂಬಗಳು ಮಾತ್ರ ನೀರಿನಲ್ಲೇ ಉಳಿದುಬಿಟ್ಟಿದ್ದವು. ದಡದ ಮೇಲೆ ಒಂದು ಗರಿಯೂ ಇಲ್ಲ; ನೀರೊಳಗೆ ನೋಡಿದರೆ ತಲೆಕೆಳಗಾದ ಕೊಕ್ಕರೆಗಳ ಸಾಲು. ವನಮಾಲಾ ಬೆಳಗಾದರೆ ಅವುಗಳ ಫೋಟೊ ತೆಗೆಯುತ್ತಿದ್ದಳು. ಕ್ಯಾಮೆರಾವನ್ನು ನೀರಿಗೇ ಬಗ್ಗಿಸಬೇಕು, ಖಾಲಿ ದಡ ಸೇರಬಾರದು. ಆಮೇಲೆ ಚಿತ್ರ ತಿರುಗಿಸಿಟ್ಟರೆ ಹಕ್ಕಿ ನೆಟ್ಟಗೆ ನಿಲ್ಲುತ್ತದೆ.

ಆ ದಿನವೂ ಹರಿಗೋಲಿನಲ್ಲಿ ಕೂತು, ಗಾಳಿ ಎದ್ದರೆ ಬಿಂಬ ಒಡೆದುಹೋಗುತ್ತದೆಂದು ಅವಳು ಅವಸರಪಡುತ್ತಿದ್ದಳು. ಹರಿಗೋಲು ನಡೆಸುತ್ತಿದ್ದ ಮುದುಕ ದೇವೀರಪ್ಪ, "ನಿಧಾನ ಕಣವ್ವ, ಅವೇನ್ ಹಾರೋಗ್ತಾವಾ?" ಎಂದ.

ಒಂದೇ ಸಮನೆ ಕ್ಲಿಕ್ಕಿಸಿ ಪರದೆ ನೋಡಿದಳು. ಚಿತ್ರದ ಮೇಲಂಚಿನಲ್ಲಿ, ನೀರು ಮುಗಿಯುವ ಕಡೆ, ಎರಡು ಕೆಂಪು ಕಾಲುಗಳು ಕೆಸರಿನಲ್ಲಿ ಊರಿ ನಿಂತಿದ್ದವು. ಮೊಣಕಾಲಿನಿಂದ ಮೇಲಿನ ಹಕ್ಕಿಯನ್ನೆಲ್ಲ ಅವಳೇ ಚೌಕಟ್ಟಿನ ಹೊರಗೆ ಬಿಟ್ಟಿದ್ದಳು.

"ದೇವೀರಪ್ಪ, ದಡದ ಕಡೆ ನೋಡಿದ್ರಾ?"

"ದಡ ಯಾರ್ ನೋಡ್ತಾರವ್ವ?"

ಅಷ್ಟರಲ್ಲಿ ನೆತ್ತಿಯ ಮೇಲೆ ರೆಕ್ಕೆ ಬಡಿದ ಸದ್ದು. "ಅಗೋ, ಮೇಲೆ!" ದೇವೀರಪ್ಪ ಕೂಗಿದ. ವನಮಾಲಾಳ ಕೈ ಸರ್ರನೆ ಕ್ಯಾಮೆರಾ ಎತ್ತಿಕೊಂಡಿತು. ಎತ್ತಿಕೊಂಡು, ಇಷ್ಟು ವರ್ಷದ ರೂಢಿಯಂತೆ, ನೀರಿಗೆ ಹಿಡಿಯಿತು.