ಜೋಡಿಸಿದ ದನಿ

ಗಂಟಲಿನ ಆಪರೇಷನ್ನಿನಲ್ಲಿ ಗುರುಸಿದ್ಧನ ದನಿ ಹೋಗಿ ನಾಲ್ಕು ತಿಂಗಳಾಗಿತ್ತು. ಊರಿನಲ್ಲಿದ್ದ, ಕಣ್ಣು ಕಾಣದ ಅವ್ವ ಹೆದರಿಯಾಳೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಹೆಂಡತಿ ಶಾಂಭವಿ ಮನೆಯ ಹಳೆಯ ಕಂಪ್ಯೂಟರಿಗೆ ಟೈಪ್ ಮಾಡಿದ್ದನ್ನು ಮಾತಾಗಿ ನುಡಿಯುವ ಚಿಪ್ ಜೋಡಿಸಿದಳು. ಒಂದು ಅಕ್ಷರ ಮುಗಿಯುವ ಮೊದಲೇ ಇನ್ನೊಂದು ನುಗ್ಗಿ ಮಾತೆಲ್ಲ ಕಲಸಿಹೋಗುತ್ತಿತ್ತು. ಚಿಪ್ ನುಡಿದು ಮುಗಿಸುವ ತನಕ ಕಂಪ್ಯೂಟರ್ ಕಾಯುವಂತೆ ಮತ್ತೊಂದು ತಂತಿ ಬೆಸೆದಳು. ಮಾತು ಸ್ಪಷ್ಟವಾಯಿತು.

ಅವ್ವನಿಗೆ ಫೋನ್ ಹಚ್ಚಿ, ರಿಸೀವರನ್ನು ಸ್ಪೀಕರಿನ ಬಳಿ ಹಿಡಿದಳು. ಗುರುಸಿದ್ಧ ಟೈಪ್ ಮಾಡಿದ.

"ಅವ್ವಾ, ನಾ ಗುರುಸಿದ್ಧ. ಆರಾಮ ಅದೀನಿ," ಎಂದಿತು ಯಂತ್ರ.

ಅವ್ವನ ಉತ್ತರ ಕೇಳಲು ಶಾಂಭವಿ ರಿಸೀವರನ್ನು ಕಿವಿಗೆ ತಂದಳು.

"ಶಾಂಭವಿ, ಅಲ್ಲೇ ಅದೀಯೇನವಾ?"

"ಅದೀನ್ರಿ, ಅತ್ತಿ."

"ಬ್ಯಾರೇದವರ ಕಡೆಯಿಂದ ಯಾಕ ಮಾತಾಡಸ್ತಿ? ಖರೆ ಹೇಳವಾ, ನನ್ನ ಮಗ ಯಾವಾಗ ಹ್ವಾದ?"